ಮರದ ಗಾಯ
ಹಗ್ಗದ ಆಧಾರದಿಂದ ಮರವನ್ನೇರಿ ರೋಗಗ್ರಸ್ತವಾದ ಕೊಂಬೆಗಳನ್ನು ತೆಗೆಯುವ ವೃಕ್ಷವೈದ್ಯನ ನಿತ್ಯದ ಕೆಲಸದಲ್ಲಿ ಅತ್ಯಂತ ಸೂಕ್ಷ್ಮವಾದುದು, ಗರಗಸವನ್ನು ಎಲ್ಲಿ ಇಡಬೇಕೆಂಬ ನಿರ್ಣಯ. ಕೊಂಬೆಯನ್ನು ಕಾಂಡಕ್ಕೆ ಸಮನಾಗಿ ಸವರಿ, ಗಾಯಕ್ಕೆ ಬಣ್ಣ ಬಳಿದು, ಪೊಟರೆಗೆ ಸಿಮೆಂಟು ತುಂಬುವುದೇ ಸರಿಯಾದ ಚಿಕಿತ್ಸೆಯೆಂದು ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲ ನಂಬಿದ್ದರು. ಅಮೆರಿಕದ ಸಸ್ಯರೋಗವಿಜ್ಞಾನಿ ಅಲೆಕ್ಸ್ ಶೈಗೊ (1930–2006) ಅವರು ಸಹಸ್ರಾರು ಮರಗಳನ್ನು ಉದ್ದಕ್ಕೆ ಸೀಳಿ ಪರೀಕ್ಷಿಸಿ, ಮರವು ಪ್ರಾಣಿದೇಹದಂತೆ ಗಾಯಗೊಂಡ ಭಾಗವನ್ನು ಪುನಃ ಕಟ್ಟಿಕೊಳ್ಳಲಾರದೆಂದೂ, ಕೊಳೆತವು ಹಬ್ಬದಂತೆ ಅದರ ಸುತ್ತ ಒಳಗಿನಿಂದಲೇ ತಡೆಗೋಡೆಗಳನ್ನೆಬ್ಬಿಸಿ ಹೊರಗೆ ಹೊಸ ಪದರಗಳನ್ನು ಬೆಳೆಸುತ್ತದೆಂದೂ ತೋರಿಸಿಕೊಟ್ಟರು. ಆ ರಕ್ಷಣೆಗೆ ಕೊಂಬೆಯ ಬುಡದಲ್ಲಿರುವ ಉಬ್ಬು ಅತ್ಯವಶ್ಯಕ. ಅದನ್ನು ಉಳಿಸಿ, ಅದರ ಹೊರ ಅಂಚಿನಲ್ಲಿಯೇ ಕತ್ತರಿಸಬೇಕು. ಭಾರವಾದ ಕೊಂಬೆಯಾದರೆ ಅದಕ್ಕೂ ಮೊದಲು ಕಾಂಡದಿಂದ ದೂರದಲ್ಲಿ ಅಡಿಯಿಂದ ಅರ್ಧ ಕೊಯ್ದು, ಬಳಿಕ ಮೇಲಿನಿಂದ ತೆಗೆಯಬೇಕು. ಇಲ್ಲದಿದ್ದರೆ ಕೊಂಬೆಯು ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ.

ಇದನ್ನು ತಿಳಿದ ಮೇಲೆ ಬೆಂಗಳೂರಿನ ಬೀದಿಗಳಲ್ಲಿ ನಡೆಯುವಾಗ ನನ್ನ ಮನಸ್ಸು ವ್ಯಥೆಗೊಳ್ಳುತ್ತದೆ. ಮಚ್ಚಿನಿಂದ ಸೀಳಿದ ಕೊಂಬೆಗಳು, ಫಲಕಗಳಿಗಾಗಿ ಹೊಡೆದ ಮೊಳೆಗಳು, ಕಾಂಡಕ್ಕೆ ಒತ್ತಿ ಹಾಸಿದ ಕಾಂಕ್ರೀಟು, ಇವು ಕಣ್ಣಿಗಾದರೂ ಕಾಣುತ್ತವೆ. ಚರಂಡಿಯ ಅಗೆತದಲ್ಲಿ ತುಂಡಾದ ಬೇರುಗಳು ಕಾಣುವುದಿಲ್ಲ. ಅಂತಹ ಮರವು ಕೆಲವು ವರ್ಷಗಳವರೆಗೆ ಹಸಿರಾಗಿಯೇ ನಿಂತಿದ್ದು, ಮುಂಗಾರುಪೂರ್ವದ ಬಿರುಗಾಳಿಗೆ ಬುಡಸಹಿತ ಉರುಳಬಹುದು.