ಅಂಗೈಯಗಲದ ಕಥೆ

ಅರ್ಧ ಪುಟದಲ್ಲಿ ಮುಗಿದುಹೋಗುವ ಕಥೆಯನ್ನು ಕಥೆಯೆಂದು ಒಪ್ಪಿಕೊಳ್ಳಲು ನಮ್ಮಲ್ಲಿ ಹಲವರಿಗೆ ಇಂದಿಗೂ ಮನಸ್ಸಿಲ್ಲ. ಪುಟದ ಅಡಿಯಲ್ಲಿ ಉಳಿದ ಜಾಗವನ್ನು ತುಂಬಿಸಲು ಹಾಕುವ ಹಾಸ್ಯಚಟಾಕಿಗಳ ಸಾಲಿಗೇ ಅದನ್ನೂ ಸೇರಿಸಿಬಿಡುವುದು ವಾಡಿಕೆ. ಹನಿಗತೆ, ಕಿರುಗತೆ, ಮಿನಿಕಥೆ ಎಂದು ನಾವು ಅದಕ್ಕಿಟ್ಟ ಹೆಸರುಗಳಲ್ಲಿಯೂ ತುಸು ಮುದ್ದು, ತುಸು ಉಪೇಕ್ಷೆ ಬೆರೆತಿವೆ. ಹಾಗಿದ್ದರೂ ಬರೆಯುವವರು, ಅದರಲ್ಲಿಯೂ ದೀರ್ಘವಾಗಿ ಬರೆಯಬಲ್ಲವರು, ಈ ಪುಟ್ಟ ರೂಪಕ್ಕೆ ಮತ್ತೆ ಮತ್ತೆ ಒಲಿದು ಬರುವುದೇಕೆ?

ಓದುಗನಿಗೂ ಬರೆಯುವವನಿಗೂ ಸಮಯವಿಲ್ಲ ಎಂಬುದು ಸಾಮಾನ್ಯವಾಗಿ ದೊರೆಯುವ ಉತ್ತರ. ಅದರಲ್ಲಿ ಸತ್ಯಾಂಶ ಇಲ್ಲವೆನ್ನಲಾಗದು. ಬಂಗಾಳಿಯ 'ಬನಫೂಲ್' (1899–1979) ಭಾಗಲ್ಪುರದಲ್ಲಿ ವೈದ್ಯವೃತ್ತಿ ನಡೆಸುತ್ತಲೇ ನೂರಾರು ಕಥೆಗಳನ್ನು ಬರೆದರು. ಅವುಗಳಲ್ಲಿ ಎಷ್ಟೋ ಕಥೆಗಳು ಒಂದೆರಡು ಪುಟಗಳನ್ನು ಮೀರವು. ಆದರೆ ಅದೇ ವೈದ್ಯರು ಕಾದಂಬರಿಗಳನ್ನೂ ಬರೆದವರು. 1969ರಲ್ಲಿ ಮೃಣಾಲ್ ಸೇನರು ತೆಗೆದ 'ಭುವನ್ ಶೋಮ್' ಚಿತ್ರಕ್ಕೆ ಆಧಾರವಾದ ಕಥೆ ಅವರದೇ. ಜಪಾನಿನ ಯಸುನಾರಿ ಕವಬಾತ 1968ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಕಾದಂಬರಿಕಾರರು. ಅವರು ತಮ್ಮ ತಾರುಣ್ಯದಿಂದ 1972ರಲ್ಲಿ ತೀರಿಕೊಳ್ಳುವವರೆಗೂ ನೂರಕ್ಕೂ ಮಿಕ್ಕಿ ಕಿರುಗತೆಗಳನ್ನು ಬರೆದು ಅವುಗಳನ್ನು 'ಅಂಗೈ ಕಥೆಗಳು' ಎಂದು ಕರೆದರು. ಕೊನೆಗಾಲದಲ್ಲಿ ಅವರು ಮಾಡಿದ್ದೇನು ಬಲ್ಲಿರಾ? 'ಹಿಮದ ನಾಡು' ಎಂಬ ತಮ್ಮ ಪ್ರಸಿದ್ಧ ಕಾದಂಬರಿಯನ್ನೇ ಒಂದು ಅಂಗೈ ಕಥೆಯಾಗಿ ಇಳಿಸಿದರು. ಇದು ಸಮಯದ ಅಭಾವವಾಗಿರಲಾರದು.

ಸಣ್ಣದರಲ್ಲಿ ಮಾತ್ರ ಹೇಳಬಹುದಾದ ಸಂಗತಿಗಳೂ ಇರುತ್ತವೆ. ದೇಶವಿಭಜನೆಯ ರಕ್ತಪಾತವನ್ನು ಕಂಡ ಸಾದತ್ ಹಸನ್ ಮಂಟೋ 1948ರಲ್ಲಿ 'ಸಿಯಾಹ್ ಹಾಶಿಯೆ', ಎಂದರೆ 'ಕಪ್ಪು ಅಂಚುಗಳು', ಎಂಬ ಪುಸ್ತಕವನ್ನು ಪ್ರಕಟಿಸಿದರು. ಅದರ ಕೆಲವು ಕಥೆಗಳು ಎರಡು ಮೂರು ಸಾಲುಗಳಷ್ಟೇ. ಅಲ್ಲಿ ಶೋಕವಿಲ್ಲ, ಉಪದೇಶವಿಲ್ಲ, ಕೊಂದವನ ಮೇಲೆ ಆಕ್ರೋಶವೂ ಇಲ್ಲ. ನಡೆದದ್ದನ್ನು ಹೇಳಿ ಲೇಖಕ ಸುಮ್ಮನಾಗುತ್ತಾನೆ. ಉಳಿದ ದುಃಖವನ್ನೆಲ್ಲ ಓದುಗನೇ ಹೊರಬೇಕು. ಅಂಥ ಹೊರೆಯನ್ನು ಓದುಗನು ಹೊತ್ತಾನೆಂಬ ನಂಬಿಕೆಯಿಲ್ಲದೆ ಯಾರೂ ಹಾಗೆ ಬರೆಯಲಾರರು.

ಈ ನಂಬಿಕೆಯೇ ಕಿರುಗತೆಯ ಮೂಲಧನವೆಂದು ನನ್ನ ಭಾವನೆ. ನಮ್ಮ ಹಿರಿಯರ ಒಗಟು ಕೂಡ ಇದೇ ನಂಬಿಕೆಯ ಮೇಲೆ ನಿಂತದ್ದು. ಹೇಳುವವನ ಬಾಯಲ್ಲಿ ಅರ್ಧ, ಕೇಳುವವನ ನೆನಪಿನಲ್ಲಿ ಇನ್ನರ್ಧ. ದೊಡ್ಡ ಕಾದಂಬರಿಯು ತನ್ನ ಊರನ್ನು ತಾನೇ ಕಟ್ಟಿಕೊಂಡು ಬರುತ್ತದೆ; ಹಾದಿ, ಮನೆ, ಮಳೆ, ಬಂಧುಬಳಗ ಎಲ್ಲವನ್ನೂ ವಿವರಿಸಲು ಅದಕ್ಕೆ ಅವಕಾಶವಿದೆ. ಕಿರುಗತೆಗೆ ಆ ಅನುಕೂಲವಿಲ್ಲ. ಅದು ಓದುಗನ ಊರಿನಲ್ಲಿಯೇ ಬಿಡಾರ ಹೂಡಬೇಕು.

ಕಾಸರಗೋಡಿನ ತೋಟಗಳ ನಡುವೆ ಹುಟ್ಟಿ, ಕನ್ನಡ ಪಾಠ ಹೇಳುತ್ತ ಆಯುಷ್ಯ ಕಳೆದ ನನಗೆ ಈ ಮಾತು ಪುಸ್ತಕದಿಂದ ತಿಳಿದದ್ದಲ್ಲ. ನಮ್ಮ ನೆರೆಯ ಗೃಹಿಣಿಯೊಬ್ಬರು ಮನೆಗೆಲಸದ ನಡುವೆ ಬಿಡುವು ಮಾಡಿಕೊಂಡು ಬರೆಯುವವರು. ಒಮ್ಮೆ ಹನ್ನೆರಡು ಸಾಲಿನ ಕಥೆಯೊಂದನ್ನು ತಂದು ತೋರಿಸಿದರು. ಅಂಗಳದ ತುಂಬ ಅಡಿಕೆ ಹರಡಿದೆ. ಪಡುವಣದಲ್ಲಿ ಮೋಡ ಕವಿಯುತ್ತದೆ. ಅಕಾಲದ ಮಳೆ ಹನಿಯತೊಡಗುತ್ತದೆ. ಅಂಚೆಯವನು ದಣಪೆಯ ಬಳಿ ನಿಂತು ಕರೆದು, ಅಂಗಳವನ್ನು ನೋಡಿ, ಟೋಪಿ ತೆಗೆದು ಒಳಗೆ ಬರುತ್ತಾನೆ. ಕಥೆ ಅಷ್ಟೇ.

ಅದನ್ನು ಓದಿ ನಾನು ಬಹಳ ಹೊತ್ತು ಮಾತನಾಡಲಿಲ್ಲ. ಸುಮಾರು 40 ದಿನ ಬಿಸಿಲಿನಲ್ಲಿ ಒಣಗಬೇಕಾದ ಅಡಿಕೆ ನೆನೆದರೆ ಬೂಸಲು ಹಿಡಿದು ವರ್ಷದ ಶ್ರಮವೇ ಹಾಳು. ಹನಿ ಬಿದ್ದೊಡನೆ ಮನೆಯ ಮುದುಕರು ಮಕ್ಕಳೆಲ್ಲ ಅಂಗಳಕ್ಕೆ ಓಡುವುದನ್ನು ಬಲ್ಲವನಿಗೆ, ಯಾರೂ ಓಡಿಬರಲಿಲ್ಲ ಎಂದರೆ ಒಳಗೆ ಏನಾಗಿದೆಯೆಂದು ಬೇರೆ ಹೇಳಬೇಕಾಗಿಲ್ಲ.

ಬೇಸಗೆಯ ರಜೆಗೆ ನಗರದಿಂದ ಬಂದಿದ್ದ ನನ್ನ ಮೊಮ್ಮಗನೂ ಅದನ್ನು ಓದಿದ. ಓದಲು ಅವನಿಗೆ ಕಷ್ಟವಾಗಲಿಲ್ಲ. ಒಂದೊಂದು ಶಬ್ದವೂ ಗೊತ್ತಿತ್ತು. ಓದಿ ಮುಗಿಸಿ, "ಮುಂದೇನಾಯಿತು ಅಜ್ಜಾ?" ಎಂದು ಕೇಳಿದ.

ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದಂದಿನಿಂದ ನಾವು ಕನ್ನಡದ ಶಾಲೆ, ಕನ್ನಡದ ಫಲಕ, ಕನ್ನಡದ ಅರ್ಜಿ ಎಂದು ಚಿಂತಿಸುತ್ತ ಬಂದಿದ್ದೇವೆ. ಅದು ಅವಶ್ಯವೇ ಸರಿ. ಆದರೆ ಭಾಷೆಯ ಕ್ಷಯವು ಶಬ್ದಗಳ ನಷ್ಟದಿಂದಲೇ ಆರಂಭವಾಗುವುದಿಲ್ಲ. ಹೇಳದೆ ಬಿಟ್ಟ ಮಾತು ಅರ್ಥವಾಗದೆ ಹೋದಂದೇ ಅದು ಆರಂಭವಾಗಿರುತ್ತದೆ. ಕಿರುಗತೆಯು ಇದನ್ನು ತೋರಿಸುವಷ್ಟು ನಿಷ್ಠುರವಾಗಿ ಬೇರೆ ಯಾವ ಬರಹವೂ ತೋರಿಸಲಾರದು.

ಮಿನಿಕಥೆ ನಮ್ಮ ನೆರೆಯ ಮಲಯಾಳದಲ್ಲಿಯೂ ಬೇರೂರಿದ ಪ್ರಕಾರ, ಪಿ. ಕೆ. ಪಾರಕ್ಕಡವು ಅವರ ಹೆಸರು ಅಲ್ಲಿ ನಾಲ್ಕಾರು ವಾಕ್ಯಗಳ ಕಥೆಯಿಂದಲೇ ಮನೆಮಾತಾಗಿದೆ. ಆ ಭಾಷೆಯ ಲೇಖಕನಿಗೆ ಓದುಗರ ಮಹಾಸಮುದಾಯವೇ ಇದೆ. ಹತ್ತು ಮಂದಿಗೆ ಅರ್ಥವಾಗದಿದ್ದರೂ ಸಾವಿರ ಮಂದಿಗೆ ಅರ್ಥವಾದೀತು. ಗಡಿಯ ಈಚೆ ಬರೆಯುವ ಕನ್ನಡಿಗನಿಗೆ ಆ ಭರವಸೆಯಿಲ್ಲ. ಆದರೂ ಅವನು ಬರೆಯುವುದು, ತನ್ನ ಮೌನವನ್ನು ಗುರುತಿಸುವವರು ಇನ್ನೂ ಇದ್ದಾರೆಯೇ ಎಂದು ಕೂಗಿ ನೋಡುವುದಕ್ಕೆ. ತೋಟದ ಆಚೆ ಬದಿಯಿಂದ ಓಗೊಡುವವರು ಒಬ್ಬರಿದ್ದರೂ ಸಾಕು, ಕತ್ತಲೆಯಲ್ಲಿ ನಡೆಯುವವನಿಗೆ ಧೈರ್ಯ ಬರುತ್ತದೆ.

ಕಥೆಗೆ ಇನ್ನೆರಡು ಸಾಲು ಸೇರಿಸಿದರೆ ಎಲ್ಲರಿಗೂ ತಿಳಿಯುವುದಲ್ಲವೇ ಎಂದು ಆ ಗೃಹಿಣಿ ಸಂಕೋಚದಿಂದ ಕೇಳಿದರು. ಬೇಡವೆಂದೆ. ಮೊಮ್ಮಗನಿಗೂ ನಾನು ಅರ್ಥ ಬಿಡಿಸಿ ಹೇಳಲಿಲ್ಲ. ಮರುದಿನ ಅವನನ್ನು ಅಂಗಳಕ್ಕೆ ಕರೆದೊಯ್ದು ಅಡಿಕೆ ಹರಡುವ ಕೆಲಸಕ್ಕೆ ಹಚ್ಚಿದೆ. ಸಂಜೆ ಬೆನ್ನು ನೋವೆಂದು ಗೊಣಗಿದ. ಮೂರನೆಯ ದಿನ ಆಕಾಶ ಕಪ್ಪಾದಾಗ, ಯಾರೂ ಹೇಳುವ ಮುನ್ನವೇ ಗೋಣಿಚೀಲ ಹಿಡಿದು ಹೊರಗೆ ಓಡಿದವನು ಅವನೇ.