ಹುಟ್ಟುಹಬ್ಬದ ಸಾರು

(1/3)

ಮೊದಲನೇ ಫೋಟೋ ನೋಡಿ ಮೂಗು ಮುರೀಬೇಡಿ. ಕಪ್ಪು ಹಸಿರು ಬಣ್ಣ, ಲೋಳೆ ಲೋಳೆಯಾಗಿ ತೇಲ್ತಿರೋ ಎಲೆ. ಗೊತ್ತು, ನಾನೂ ಮೊದಲ ಸಲ ಹಾಗೇ ನೋಡಿದ್ದೆ. ಇದರ ಹೆಸರು ಮಿಯೊಕ್-ಗುಕ್. ಮಿಯೊಕ್ ಅಂದ್ರೆ ಒಂದು ಜಾತಿಯ ಕಡಲಪಾಚಿ, ಗುಕ್ ಅಂದ್ರೆ ಸಾರು.

ಕೊರಿಯಾದ ಅಡುಗೆ ಅಂದ ತಕ್ಷಣ ನಿಮಗೆ ಡ್ರಾಮಾಗಳಲ್ಲಿ ನೋಡಿದ ರಾಮ್ಯೊನ್, ಕೆಂಪಗೆ ಹೊಳೆಯೋ ತೊಕ್‌ಪೊಕ್ಕಿ ನೆನಪಾಗಬಹುದು. ಮನೆ ಊಟ ಅದಲ್ಲ. ಅದಕ್ಕೆ ಇಲ್ಲಿ ಜಿಪ್‌ಬಾಪ್ ಅಂತಾರೆ, ನೇರ ಅರ್ಥ ‘ಮನೆ ಅನ್ನ’. ಒಂದು ಬಟ್ಟಲು ಅನ್ನ, ಒಂದು ಬಟ್ಟಲು ಸಾರು, ಕಿಮ್ಚಿ, ಪಕ್ಕದಲ್ಲಿ ಎರಡು ಮೂರು ಥರದ ಪಲ್ಯ. ಫೋಟೋದಲ್ಲಿ ಅಷ್ಟೇನೂ ಚೆನ್ನಾಗಿ ಬರಲ್ಲ. ಹುಷಾರಿಲ್ಲದ ದಿನ ಮಾತ್ರ ಬೇಕು ಅನ್ಸೋದು ಇದೇ. ನಾವು ಕೈರುಚಿ ಅಂತೀವಲ್ಲ, ಅದಕ್ಕೆ ಇವರ ಪದ ಸೊನ್‌ಮಾತ್. ಸೊನ್ ಅಂದ್ರೆ ಕೈ, ಮಾತ್ ಅಂದ್ರೆ ರುಚಿ!

ಈ ಸಾರಿನ ಕಥೆ ಹೇಳ್ಬೇಕಾದ್ರೆ ಅಮ್ಮನ ವಿಷಯ ಹೇಳ್ಲೇಬೇಕು.

ಅಮ್ಮ ತೀರಿಕೊಂಡಾಗ ನಾನು ಸಿಯೋಲ್‌ನಲ್ಲಿದ್ದೆ. ಹಾಸನ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಖ ನೋಡಲಿಲ್ಲ. ಕಾರ್ಯ ಮುಗಿಸಿಕೊಂಡು ವಾಪಸ್ ಬಂದವಳು ಅಡುಗೆ ಮಾಡೋದನ್ನೇ ನಿಲ್ಲಿಸಿಬಿಟ್ಟೆ. ಕುಕ್ಕರ್ ಕೂಗಿದ್ರೆ ಸಾಕು, ಆಗ್ತಿರ್ಲಿಲ್ಲ. ಮೂಲೆ ಅಂಗಡಿಯಲ್ಲಿ ಸಿಗೋ ತ್ರಿಕೋನದ ಅನ್ನದುಂಡೆ ತಿನ್ನೋದು, ಸಂಜೆಯಾದ್ರೆ ನಡೆಯೋಕೆ ಹೋಗೋದು, ಇಷ್ಟೇ. ಒಬ್ಬಳೇ ಹೋಗ್ತಿದ್ದೆ. ಜೊತೆಗೆ ಯಾರಾದ್ರೂ ಇದ್ರೆ ‘ಹೇಗಿದೀಯಾ’ ಅಂತ ಕೇಳ್ತಾರೆ, ಉತ್ತರ ಕೊಡಬೇಕಾಗುತ್ತೆ.

(2/3)

ಎರಡನೇ ಫೋಟೋದಲ್ಲಿರೋದು ನಾನು ನಡೆಯೋ ದಾರಿ. ಸಿಯೋಲ್‌ನ ಹಳೇ ಕೋಟೆಗೋಡೆ. ಜೊಸೊನ್ ವಂಶದ ಮೊದಲ ರಾಜ ತೇಜೊ 1396ರಲ್ಲಿ ಕಟ್ಟಿಸಿದ್ದು, ನಾಲ್ಕು ಬೆಟ್ಟಗಳನ್ನು ಬಳಸಿಕೊಂಡು ಒಟ್ಟು 18.6 ಕಿಲೋಮೀಟರ್ ಸುತ್ತಳತೆ. ನನ್ನ ಪಾಲಿಗೆ ಬಂದಿರೋದು ಹ್ಯೆಹ್ವಾಮುನ್ ಬಾಗಿಲಿಂದ ಹುಂಗಿಂಜಿಮುನ್ ಬಾಗಿಲವರೆಗಿನ ಎರಡು ಕಿಲೋಮೀಟರ್, ಮಧ್ಯದಲ್ಲಿ ನಕ್ಸಾನ್ ಅನ್ನೋ ಸಣ್ಣ ಗುಡ್ಡ. ಒಂಟೆ ಬೆನ್ನಿನ ಥರ ಇದೆ ಅಂತ ಆ ಹೆಸರು. ಗೋಡೆ ಕೆಳಗೆ ಒಂದು ಕಡೆ ಚಾಂಗ್‌ಸಿನ್-ದೊಂಗ್, ದೊಂಗ್‌ದೇಮುನ್ ಮಾರ್ಕೆಟ್ಟಿಗೆ ಬಟ್ಟೆ ಹೊಲಿದು ಕೊಡೋ ಬಡಾವಣೆ. ಬಟ್ಟೆ ಗಂಟು ಹೊತ್ತ ಬೈಕುಗಳು ಓಡಾಡ್ತಾ ಇರ್ತವೆ, ಗಲ್ಲಿಯೊಳಗೆ ಹೊಕ್ಕರೆ ಹೊಲಿಗೆ ಮಿಷನ್ ಸದ್ದು. ಗೋಡೆ ಹತ್ರ ಹೋಗಿ ನೋಡಿ: ಕೆಲವು ಕಡೆ ಚಿಕ್ಕ ಚಿಕ್ಕ ಒರಟು ಕಲ್ಲು, ಇನ್ನು ಕೆಲವು ಕಡೆ ಆಮೇಲಿನ ರಾಜರು ರಿಪೇರಿ ಮಾಡಿಸಿದ ದೊಡ್ಡ ಚೌಕ ಕಲ್ಲು. ದಾರಿ ಮುಗಿಯೋ ಹತ್ರ ಕಲ್ಲಿನ ಮೇಲೆ ಅಕ್ಷರ ಕೆತ್ತಿದ್ದಾರೆ. ಯಾವ ಭಾಗ ಯಾರ ಜವಾಬ್ದಾರಿ ಅನ್ನೋ ಲೆಕ್ಕ ಅದು. ನಾನು ದಿನಾ ಅಲ್ಲಿವರೆಗೆ ಹೋಗಿ, ಕಲ್ಲು ಮುಟ್ಟಿ ವಾಪಸ್ ಬರ್ತಿದ್ದೆ. ಯಾಕೆ ಅಂತ ಕೇಳ್ಬೇಡಿ.

ಫೆಬ್ರವರಿಯಲ್ಲಿ ನನ್ನ ಹುಟ್ಟಿದ ದಿನ ಬಂತು. ಪ್ರತಿ ವರ್ಷ ಬೆಳಗ್ಗೆ ಒಂಬತ್ತೂವರೆಗೆ ಅಮ್ಮನ ಫೋನ್ ಬರ್ತಿತ್ತು. ಅಲ್ಲಿ ಆಗ ಆರು ಗಂಟೆ, ಹಾಲು ಕಾಯ್ಸೋ ಹೊತ್ತು. ಈ ಸಲ ಫೋನನ್ನೇ ಆಫ್ ಮಾಡಿ ಮಲಗಿದ್ದೆ. ಬಾಗಿಲು ಬಡಿದವರು ಕೆಳಗಿನ ಮನೆಯ ಓನರ್ ಅಜ್ಜಿ. ಕೈಯಲ್ಲಿ ಮುಚ್ಚಿದ ಪಾತ್ರೆ. ಬಾಡಿಗೆ ಕರಾರಿನಲ್ಲಿ ನನ್ನ ನೋಂದಣಿ ನಂಬರ್ ಇದೆ, ಅದರ ಮೊದಲ ಆರು ಅಂಕಿ ಹುಟ್ಟಿದ ದಿನಾಂಕವೇ. ಅಜ್ಜಿ ಅದನ್ನು ನೋಡಿಟ್ಟುಕೊಂಡಿದ್ರು.

ಸಾಮಾನ್ಯವಾಗಿ ಇದಕ್ಕೆ ದನದ ಮಾಂಸ ಹಾಕ್ತಾರೆ. ನಾನು ತಿನ್ನಲ್ಲ ಅಂತ ಅಜ್ಜಿ ದುಲ್ಕೆ ಪುಡಿ ಹಾಕಿ ಮಾಡಿದ್ರು. ಎಳ್ಳಿನ ಥರದ್ದೇ ಕಾಳು, ಘಮ ನನಗೆ ನಮ್ಮ ಹುಚ್ಚೆಳ್ಳು ಪುಡೀನ ನೆನಪಿಸುತ್ತೆ.

“ಹಕ್ಸೆಂಗ್, ಅಮ್ಮನಿಗೆ ಫೋನ್ ಮಾಡಿದ್ಯಾ?” ಅಂದ್ರು. ಹಕ್ಸೆಂಗ್ ಅಂದ್ರೆ ವಿದ್ಯಾರ್ಥಿ. ಓದು ಮುಗಿಸಿ ಎಷ್ಟೋ ವರ್ಷ ಆದ್ರೂ ಅವರಿಗೆ ನಾನು ಹಕ್ಸೆಂಗೇ.

ಅಮ್ಮ ಇಲ್ಲ ಅಂದೆ. ಕೊರಿಯನ್ ಭಾಷೆಯಲ್ಲಿ ಆ ವಾಕ್ಯ ನಾನು ಹೇಳಿದ್ದು ಅದೇ ಮೊದಲು.

ಅಜ್ಜಿ ಏನೂ ಹೇಳಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಬಟ್ಟಲು ಹುಡುಕಿ, ಬಡಿಸಿ, ನಾನು ಖಾಲಿ ಮಾಡೋವರೆಗೂ ಎದುರಿಗೆ ಕೂತರು.

(3/3)

ಹುಟ್ಟುಹಬ್ಬಕ್ಕೆ ಇದೇ ಸಾರು ಯಾಕೆ ಗೊತ್ತಾ? ಇದು ಬಾಣಂತಿಯರ ಊಟ. ಹೆರಿಗೆಯಾದ ಮೇಲೆ ಸುಮಾರು ಮೂರು ವಾರ ತಾಯಿಗೆ ಇದನ್ನೇ ಕೊಡೋದು ವಾಡಿಕೆ. ಮಗು ದೊಡ್ಡದಾದ ಮೇಲೆ ಪ್ರತಿ ಹುಟ್ಟುಹಬ್ಬಕ್ಕೂ, ಅಮ್ಮ ಆವತ್ತು ಉಂಡದ್ದನ್ನ ತಾನು ಉಣ್ಣುತ್ತೆ. (ಪರೀಕ್ಷೆ ದಿನ ಮಾತ್ರ ತಿನ್ನಲ್ಲ. ಪಾಚಿ ಜಾರುತ್ತಲ್ಲ, ಫೇಲಾಗ್ತಾರಂತೆ!)

ಅವತ್ತು ರಾತ್ರಿ ಗೋಡೆ ಪಕ್ಕ ನಡೀತಾ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅಮ್ಮ ಹೋದ ಮೇಲೆ ನಾನಾಗೇ ಊರಿಗೆ ಫೋನ್ ಮಾಡಿದ್ದು ಅವತ್ತೇ. “ದೊಡ್ಡಮ್ಮ, ನಾನು ಹುಟ್ಟಿದಾಗ ಅಮ್ಮ ಏನು ತಿಂತಿದ್ದಳು?”

“ಇದೇನೇ ಇದ್ದಕ್ಕಿದ್ದಂಗೆ” ಅಂದ್ರು. ಆಮೇಲೆ ಶುರು ಮಾಡಿದ್ರು. ಬಾಣಂತಿ ಖಾರ, ತುಪ್ಪ, ಬೆಳ್ಳುಳ್ಳಿ ಮೆಣಸಿನ ಸಾರು. “ಸಬ್ಬಸಿಗೆ ಸೊಪ್ಪು ಕಂಡ್ರೇ ಆಗ್ತಿರ್ಲಿಲ್ಲ ಅವಳಿಗೆ. ನಿಂಗೆ ಹಾಲು ಸಾಲ್ತಿರ್ಲಿಲ್ಲ ಅಂತ ನಿಮ್ಮಜ್ಜಿ ದಿನಾ ಅದನ್ನೇ ಹಾಕೋರು. ಮೂಗು ಮುಚ್ಕೊಂಡು ತಿಂತಿದ್ಲು ಕಣೇ.”

ನಮ್ಮನೇಲಿ ಸಬ್ಬಸಿಗೆ ಸೊಪ್ಪು ಯಾವತ್ತೂ ತರ್ತಿರ್ಲಿಲ್ಲ. ಯಾಕೆ ಅಂತ ನಾನು ಕೇಳಿರ್ಲಿಲ್ಲ. ಗೋಡೆಗೆ ಒರಗಿಕೊಂಡು ಅತ್ತೆ. ಮೈನಸ್ ಆರು ಡಿಗ್ರಿ ಚಳಿ, ದಾರಿಯಲ್ಲಿ ಯಾರೂ ಇರ್ಲಿಲ್ಲ, ಒಳ್ಳೇದೇ ಆಯ್ತು. ದೊಡ್ಡಮ್ಮ ಆ ಕಡೆಯಿಂದ ಫೋನ್ ಇಡಲಿಲ್ಲ.

ಮಾಡಿ ನೋಡೋರಿಗೆ: ಒಣಗಿದ ಮಿಯೊಕ್ ಒಂದು ಹಿಡಿಗಿಂತ ಕಡಿಮೆ ನೆನೆಸಿ, ಮಾತು ಕೇಳಿ, ಪಾತ್ರೆ ತುಂಬಾ ಉಬ್ಬುತ್ತೆ. ಇಪ್ಪತ್ತು ನಿಮಿಷ ಆದ್ಮೇಲೆ ಹಿಂಡಿ, ಹೆಚ್ಚಿ, ಎಳ್ಳೆಣ್ಣೆಯಲ್ಲಿ ಬೆಳ್ಳುಳ್ಳಿ ಜೊತೆ ಬಾಡಿಸಿ. ಸಾರಿಗೆ ಹಾಕೋ ಸೋಯಾ ಸಾಸ್ ಸ್ವಲ್ಪ. ಆಮೇಲೆ ಅಕ್ಕಿ ತೊಳೆದ ಎರಡನೇ ನೀರು ಹಾಕಿ (ನಮ್ಮಲ್ಲಿ ಹಸುವಿನ ಕಲಗಚ್ಚಿಗೆ ಹೋಗೋದು) ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಿಡಿ. ಮಾರನೇ ದಿನ ಇನ್ನೂ ಚೆನ್ನಾಗಿರುತ್ತೆ.

ಅಜ್ಜಿಯ ಪಾತ್ರೆ ಖಾಲಿ ಕೊಡಬಾರ್ದಲ್ಲ. ಎರಡು ದಿನ ಬಿಟ್ಟು ಬೆಳ್ಳುಳ್ಳಿ ಮೆಣಸಿನ ಸಾರು ಮಾಡಿದೆ. ನಾಲ್ಕು ತಿಂಗಳ ಮೇಲೆ ಹಚ್ಚಿದ ಒಲೆ. ಅಜ್ಜಿ ಒಂದು ಗುಟುಕು ಕುಡಿದು, ಹಣೆ ಬೆವರು ಒರೆಸಿಕೊಂಡು, “ಶಿವೊನ್‌ಹಾದಾ” ಅಂದ್ರು. ‘ತಂಪಾಗಿದೆ’ ಅಂತ ಅರ್ಥ. ಸುಡುಸುಡು ಸಾರು ಕುಡಿದು ಇಲ್ಲಿಯವರು ಹೇಳೋದು ಹಾಗೇ.

ನಿಮ್ಮಮ್ಮ ಬಾಣಂತನದಲ್ಲಿ ಏನು ತಿಂದಿದ್ರು? ಗೊತ್ತಿದ್ರೆ ಕೆಳಗೆ ಬರೀರಿ. ಗೊತ್ತಿಲ್ದಿದ್ರೆ ಇವತ್ತೇ ಕೇಳಿ.