ತಾತನ ಗಾಲ್ಫ್ ಕೋಲುಗಳಿಗೊಂದು ಪೆಟ್ಟಿಗೆ

ನಾಶಿಕದಲ್ಲಿ ಯಾವ ರಿಕ್ಷಾದವರನ್ನಾದರೂ ನಿಲ್ಲಿಸಿ ‘ಗಾಲ್ಫ್ ಕ್ಲಬ್’ ಎಂದರೆ ಸಾಕು, ಊರ ನಡುವಿನ ಒಂದು ದೊಡ್ಡ ಮೈದಾನಕ್ಕೆ ತಂದು ಇಳಿಸುತ್ತಾರೆ. ಬೆಳಿಗ್ಗೆ ಅಲ್ಲಿ ವಾಕಿಂಗ್ ಮಾಡುವವರು, ಓಡುವವರು, ಕ್ರಿಕೆಟ್ ಹುಡುಗರು ತುಂಬಿರುತ್ತಾರೆ. ಮಹಾರಾಷ್ಟ್ರದ ರಣಜಿ ಪಂದ್ಯಗಳೂ ಇಲ್ಲಿ ನಡೆದಿವೆ. ಗಾಲ್ಫ್ ಮಾತ್ರ ಇಲ್ಲ, ಬಾಯಿಮಾತಿನ ಹೆಸರಾಗಿ ಉಳಿದಿದೆ ಅಷ್ಟೆ. ಮೈದಾನದ ಈಗಿನ ಹೆಸರು ಹುತಾತ್ಮ ಅನಂತ ಕಾನ್ಹೇರೆ ಮೈದಾನ.

ಕಾನ್ಹೇರೆ ಔರಂಗಾಬಾದಿನಲ್ಲಿ, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ, ಓದುತ್ತಿದ್ದ ಹುಡುಗ. 1909ರ ಡಿಸೆಂಬರ್ 21ರ ರಾತ್ರಿ ನಾಶಿಕದ ವಿಜಯಾನಂದ ನಾಟಕಗೃಹದಲ್ಲಿ ‘ಶಾರದಾ’ ನಾಟಕ ನೋಡಲು ಬಂದಿದ್ದ ಕಲೆಕ್ಟರ್ ಜಾಕ್ಸನ್‌ನನ್ನು ಗುಂಡಿಟ್ಟು ಕೊಂದ. 1910ರ ಏಪ್ರಿಲ್ 19ರಂದು ಠಾಣೆಯ ಜೈಲಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಸಾಹೇಬರ ಆಟದ ಹೆಸರು, ಸಾಹೇಬನ ಮೇಲೆ ಗುಂಡು ಹಾರಿಸಿದವನ ಹೆಸರು, ಎರಡೂ ಒಂದೇ ಹುಲ್ಲಿನ ಮೇಲೆ ಇವೆ. ನಾಶಿಕದವರಿಗೆ ಇದರಲ್ಲಿ ವಿಚಿತ್ರ ಏನೂ ಕಾಣುವುದಿಲ್ಲ.

ನನಗೆ ಈ ಎರಡು ಊರುಗಳ ನಡುವೆ ಗಾಲ್ಫ್ ನಿಜಕ್ಕೂ ಅಡ್ಡ ಬಂದದ್ದು ಹೋದ ವರ್ಷ, ನಮ್ಮ ದೊಡ್ಡಪ್ಪ ಫೋನ್ ಮಾಡಿದಾಗ. “ಕೋಲುಗಳನ್ನ ಬೆಂಗಳೂರಿಗೆ ಸಾಗಿಸ್ಬೇಕು ಕಣೋ. ಪುಟ್ಟಿ ಆಡ್ತಾಳಂತೆ” ಅಂದರು. ಪುಟ್ಟಿ ಅಂದರೆ ಅವರ ಮೊಮ್ಮಗಳು, ಹದಿನೇಳು ವರ್ಷ. ದೊಡ್ಡಪ್ಪ ಹುಡುಗನಾಗಿದ್ದಾಗ ಬೆಂಗಳೂರಿನಲ್ಲಿ ರಜೆಯ ದಿನ ಬೇರೆಯವರ ಗಾಲ್ಫ್ ಚೀಲ ಹೊತ್ತು ಕಾಸು ಸಂಪಾದಿಸಿದವರು. ಆಮೇಲೆ ಐಟಿಐ ಮುಗಿಸಿ, ವಾಳೂಜಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಹಿಡಿದು, ಅಲ್ಲೇ ಮನೆ ಕಟ್ಟಿದರು. ನಲವತ್ತು ದಾಟಿದ ಮೇಲೆ ಒಂದು ಹಳೆಯ ಸೆಟ್ ಕೊಂಡರು. ಹೊತ್ತ ಚೀಲವನ್ನು ತಾನೂ ಒಂದು ದಿನ ಬಿಚ್ಚಿ ಆಡಬೇಕು ಎಂಬ ಆಸೆ ಅದು. ಈಗ ಮಂಡಿ ಹೋಗಿದೆ. ಆಟ ನಿಂತು ಮೂರು ವರ್ಷವಾಯಿತು.

ಗಾಲ್ಫ್ ಎಂದರೆ ದೊಡ್ಡವರ ಆಟ ಎಂದು ನಾವೆಲ್ಲ ಮಾತು ಮುಗಿಸಿಬಿಡುತ್ತೇವೆ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ದಂಡಿನ ಸಾಹೇಬರಿಗಾಗಿ. ಕೋಲಾರದ ಚಿನ್ನದ ಗಣಿಯಲ್ಲೂ ಗಣಿಯ ಸಾಹೇಬರು ಒಂದು ಕೋರ್ಸ್ ಮಾಡಿಕೊಂಡಿದ್ದರು. ಆದರೆ ಆಟ ಅಲ್ಲಿಗೇ ನಿಲ್ಲಲಿಲ್ಲ. ಬಿಡದಿಯ ಈಗಲ್ಟನ್ ಕೋರ್ಸಿನ ಆಸುಪಾಸಿನ ಹಳ್ಳಿಯಿಂದ ಬಂದ ಚಿಕ್ಕರಂಗಪ್ಪ ವೃತ್ತಿಪರ ಆಟಗಾರರಾದರು. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಅಲ್ಲಿ ಅವರ ಚೀಲ ಹೊತ್ತವರು ಅವರ ತಾಯಿ, ಅದಕ್ಕೆ ಮುಂಚೆ ರಿಯೊದಲ್ಲಿ ತಂದೆ. ಈ ವಿಷಯ ದೊಡ್ಡಪ್ಪನಿಗೆ ಬಾಯಿಪಾಠ. ಅವರ ಪ್ರಕಾರ ಚೀಲ ಹೊರುವುದೂ ಆಟವೇ.

ಸಮಸ್ಯೆ ಎಂದರೆ ಆ ಚೀಲ ವಿಮಾನದಲ್ಲಿ ಹೋಗಬೇಕು, ಮತ್ತು ಅಲ್ಲಿ ಹೊರುವವರು ನಾವಲ್ಲ.

ಮೊದಲು ಲೆಕ್ಕ. ನಿಯಮದ ಪ್ರಕಾರ ಒಂದು ಸೆಟ್‌ನಲ್ಲಿ ಹೆಚ್ಚೆಂದರೆ 14 ಕೋಲು. ಅವೆಲ್ಲ ಸೇರಿ ಸುಮಾರು 6 ಕಿಲೋ. ಅವನ್ನು ಇಡುವ ಹಗುರ ಚೀಲ 2.5 ಕಿಲೋ. ಅಲ್ಲಿಗೆ ಎಂಟೂವರೆ ಆಯಿತು. ದೇಶದೊಳಗಿನ ಸಾಮಾನ್ಯ ಟಿಕೆಟ್‌ಗೆ ಹೆಚ್ಚಿನ ವಿಮಾನಗಳಲ್ಲಿ ಕೆಳಗೆ ಹಾಕುವ ಸಾಮಾನಿಗೆ ಬಿಡುವುದು 15 ಕಿಲೋ. ಮಿಕ್ಕ ಆರೂವರೆ ಕಿಲೋದೊಳಗೆ ಪೆಟ್ಟಿಗೆಯ ತೂಕವೂ ಬರಬೇಕು, ಚೆಂಡು, ಶೂ, ಟವೆಲ್ ಕೂಡ ಬರಬೇಕು. ಹಾಗಾಗಿ ಪೆಟ್ಟಿಗೆ ಆರಿಸುವವರು ನೋಡಬೇಕಾದ ಮೊದಲ ಅಂಕಿ ಬೆಲೆಯಲ್ಲ, ತೂಕ.

ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ ಖಾಲಿ ಇದ್ದಾಗಲೇ 5ರಿಂದ 6 ಕಿಲೋ, ಕೆಲವು ಇನ್ನೂ ಭಾರ. ಮೇಲೆ ಏನು ಬಿದ್ದರೂ ತಡೆಯುತ್ತದೆ, ಬೀಗ ಹಾಕಬಹುದು, ಮಳೆಗೆ ಹೆದರಬೇಕಿಲ್ಲ. ಆದರೆ ನಮ್ಮ ಲೆಕ್ಕದಲ್ಲಿ ಅದು 14.5 ಕಿಲೋಗೆ ಬಂದು ನಿಲ್ಲುತ್ತದೆ, ಒಂದು ಜೊತೆ ಶೂ ಹಾಕಿದರೆ ದಾಟುತ್ತದೆ. ಮೆತ್ತನೆಯ ಚೀಲ, ಅಂದರೆ ದಪ್ಪ ನೈಲಾನಿನ ಹೊದಿಕೆ, ಒಳಗೆ ಮೆತ್ತೆ, ಕೆಳಗೆ ಎರಡು ಗಾಲಿ ಇರುವಂಥದ್ದು, 3ರಿಂದ 4 ಕಿಲೋ. ಮೂರು ಕಿಲೋದಷ್ಟು ಜಾಗ ಉಳಿಯುತ್ತದೆ. ಮೂರನೆಯದು ಮಿಶ್ರ ಜಾತಿ: ಕೋಲಿನ ತಲೆಗಳು ಇರುವ ಮೇಲ್ಭಾಗ ಮಾತ್ರ ಗಟ್ಟಿ, ಉಳಿದದ್ದು ಬಟ್ಟೆ. ತೂಕವೂ ಬೆಲೆಯೂ ಎರಡರ ಮಧ್ಯೆ.

ಅಂಗಡಿಯವರು ಹೇಳದ ಇನ್ನೊಂದು ವಿಷಯವಿದೆ. ಗಾಲ್ಫ್ ಕೋಲು ಮುರಿಯುವುದು ಸಾಮಾನ್ಯವಾಗಿ ಮೇಲಿನ ಭಾರದಿಂದಲ್ಲ. ಚೀಲ ತಲೆಕೆಳಗಾಗಿ ಬಿದ್ದಾಗ ಎಲ್ಲಕ್ಕಿಂತ ಉದ್ದದ ಕೋಲು, ಅಂದರೆ ಡ್ರೈವರ್, ಮೊದಲು ನೆಲಕ್ಕೆ ತಾಗುತ್ತದೆ. ಇಡೀ ಚೀಲದ ಪೆಟ್ಟು ಅದರ ಕತ್ತಿನ ಮೇಲೆ ಬೀಳುತ್ತದೆ. ಅದರ ದಂಡ ಗ್ರಾಫೈಟ್ ಆಗಿದ್ದರೆ ಕಬ್ಬಿನ ಗಣ್ಣಿನಂತೆ ಪಟ್ಟನೆ ಹೋಗುತ್ತದೆ. ದೊಡ್ಡಪ್ಪನಿಗೆ ಇದು ಗೊತ್ತಿತ್ತು. ಹಿಂದೊಮ್ಮೆ ಒಂದು ವಿಮಾನದಲ್ಲಿ ಅವರ ಡ್ರೈವರ್ ಹೀಗೇ ಎರಡು ತುಂಡಾಗಿ ಬಂದಿತ್ತು. ಈಗಿರುವುದು ಅದರ ಜಾಗಕ್ಕೆ ಕೊಂಡದ್ದು.

ಇದಕ್ಕೆ ಮದ್ದು ಸುಲಭ. ಡ್ರೈವರಿಗಿಂತ ಎರಡು ಇಂಚು ಉದ್ದದ ಒಂದು ಗಟ್ಟಿ ಕೋಲನ್ನು ಚೀಲದ ನಡುವೆ ನಿಲ್ಲಿಸುವುದು. ಬಿದ್ದರೆ ಪೆಟ್ಟು ಅದಕ್ಕೆ. ಇದನ್ನೇ ಉದ್ದ ಹೆಚ್ಚುಕಡಿಮೆ ಮಾಡುವ ಲೋಹದ ಕಂಬವಾಗಿ ಮಾರುತ್ತಾರೆ. ನಾವು ಮನೆಯ ನೆಲ ಒರೆಸುವ ಹಳೆಯ ಕೋಲನ್ನು ಅಳತೆಗೆ ಕತ್ತರಿಸಿ, ಎರಡೂ ತುದಿಗೆ ಬಟ್ಟೆ ಸುತ್ತಿದೆವು. ಈಗಿನ ಡ್ರೈವರುಗಳಲ್ಲಿ ಸಣ್ಣ ಕೀಲಿಯಿಂದ ತಲೆಯನ್ನು ಬಿಚ್ಚಬಹುದು. ಹಾಗಿದ್ದರೆ ತಲೆ ಬಿಚ್ಚಿ ಕಾಲುಚೀಲದಲ್ಲಿ ಸುತ್ತಿ ಇಡುವುದು ಇನ್ನೂ ವಾಸಿ.

ಎರಡನೆಯ ಪ್ರಶ್ನೆ, ಯಾವ ಊರಿನಿಂದ ಹಾರುವುದು. ನಾನಿರುವುದು ನಾಶಿಕ. ಇಲ್ಲಿಯ ವಿಮಾನ ನಿಲ್ದಾಣ ಊರಿನಿಂದ ಸುಮಾರು 20 ಕಿಲೋಮೀಟರ್ ದೂರದ ಓಝರ್‌ನಲ್ಲಿದೆ. ಅದು ಎಚ್‌ಎಎಲ್‌ನದು. ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಎಲ್ 1964ರಲ್ಲಿ ಇಲ್ಲಿ ಕಾರ್ಖಾನೆ ತೆರೆದು ಮಿಗ್ ವಿಮಾನ ಕಟ್ಟತೊಡಗಿತು. ನಾಶಿಕದ ಕನ್ನಡಿಗರಲ್ಲಿ ಎಷ್ಟೋ ಮನೆಗಳ ಕಥೆ ಶುರುವಾಗುವುದು ಅದರ ಕ್ವಾರ್ಟರ್ಸಿನಲ್ಲಿ. ಕೋಲುಗಳಿದ್ದದ್ದು ವಾಳೂಜಿನಲ್ಲಿ. ಅಲ್ಲಿಗೆ ಹತ್ತಿರದ ನಿಲ್ದಾಣ ಸಂಭಾಜಿನಗರದ ಚಿಕಲ್‌ಠಾಣಾ. ನಾವು ಹೊರಟ ಹೊತ್ತಿಗೆ ಎರಡೂ ಕಡೆಯಿಂದ ಬೆಂಗಳೂರಿಗೆ ನೇರ ವಿಮಾನವಿತ್ತು.

ಕೋಲು ತಂದು ನಾಶಿಕದಿಂದಲೇ ಹೋಗುವುದೆಂದು ನಾನು, ಅಲ್ಲಿಂದಲೇ ಹೋಗು ಎಂದು ದೊಡ್ಡಪ್ಪ. ಕೊನೆಗೆ ತೀರ್ಮಾನ ಮಾಡಿದ್ದು ಒಂದೇ ಲೆಕ್ಕ: ಚೀಲ ಎಷ್ಟು ಕೈ ಬದಲಾಗುತ್ತದೆ? ನಾಶಿಕಕ್ಕೆ ತಂದರೆ ರಿಕ್ಷಾ, ರೈಲು, ಮತ್ತೆ ರಿಕ್ಷಾ, ಮನೆಯ ಮೂರನೆಯ ಮಹಡಿ, ಟ್ಯಾಕ್ಸಿ, ಆಮೇಲೆ ವಿಮಾನ. ವಾಳೂಜಿನಿಂದ ನೇರ ಹೋದರೆ ಒಂದು ಟ್ಯಾಕ್ಸಿ, ಒಂದು ವಿಮಾನ. ಮುಂಬೈಯಲ್ಲಿ ವಿಮಾನ ಬದಲಿಸುವ ಅಗ್ಗದ ಟಿಕೆಟ್ ಸಿಕ್ಕಿತ್ತು, ಅದನ್ನೂ ಬಿಟ್ಟೆವು. ಒಂದು ವಿಮಾನದಿಂದ ಇನ್ನೊಂದಕ್ಕೆ ಸಾಗಿಸುವಾಗಲೇ ಸಾಮಾನು ಹಿಂದುಳಿಯುವುದು, ಎತ್ತಿ ಹಾಕುವ ಸಲವೂ ಎರಡಾಗುತ್ತದೆ. ಎಷ್ಟು ದುಬಾರಿ ಪೆಟ್ಟಿಗೆಯೂ ಒಂದು ನೇರ ವಿಮಾನದಷ್ಟು ಕಾಪಾಡುವುದಿಲ್ಲ.

ಹಾಗಾಗಿ ಖಾಲಿ ಕೈಯಲ್ಲಿ ನಾನೇ ಸಂಭಾಜಿನಗರಕ್ಕೆ ಹೊರಟೆ. ಸಿನ್ನರ್‌ನಲ್ಲಿ ಸಮೃದ್ಧಿ ಹೆದ್ದಾರಿ ಹತ್ತಿದರೆ ವೈಜಾಪುರದ ಮೇಲೆ ಹಾದು ಬೇಗ ಮುಟ್ಟಬಹುದು. ಹಳೆಯ ದಾರಿಯಲ್ಲಿ ಪೈಠಣಿ ನೇಯುವ ಯೇವಲಾ ಸಿಗುತ್ತದೆ. ನಾನು ಸಿನ್ನರ್ ದಾರಿ ಹಿಡಿದೆ. ಗೊಂದೇಶ್ವರ ದೇವಸ್ಥಾನದ ಈ ಊರು ಒಂದು ಕಾಲಕ್ಕೆ ಸೇವುಣರ ರಾಜಧಾನಿ. 12ನೇ ಶತಮಾನದ ಕೊನೆಯಲ್ಲಿ ಐದನೇ ಭಿಲ್ಲಮ ರಾಜಧಾನಿಯನ್ನು ದೇವಗಿರಿಗೆ, ಅಂದರೆ ಈಗಿನ ದೌಲತಾಬಾದಿಗೆ ಒಯ್ದ. ಆ ಸೇವುಣರು ಕನ್ನಡದಲ್ಲೂ ಶಾಸನ ಬರೆಸಿದವರು. ಇನ್ನು ಎಲ್ಲೋರದ ಕೈಲಾಸ ದೇವಾಲಯವನ್ನು ಬಂಡೆಯಿಂದ ಕಡೆಸಿದ ರಾಷ್ಟ್ರಕೂಟರ ಮಾನ್ಯಖೇಟ ನಮ್ಮ ಕಲಬುರಗಿ ಜಿಲ್ಲೆಯಲ್ಲೇ ಇದೆ. ಈ ದಾರಿಯಲ್ಲಿ ಸಾಮಾನು ಕಟ್ಟಿಕೊಂಡು ಓಡಾಡಿದ ಕನ್ನಡಿಗರಲ್ಲಿ ನಾವು ಮೊದಲಿನವರೇನಲ್ಲ.

ವಾಳೂಜಿನಲ್ಲಿ ನಿಜವಾದ ಚರ್ಚೆ ಶುರುವಾಯಿತು. ಹಳೆಯ ಸೆಟ್ಟನ್ನು ಮಾರಿದರೆ ಬರುವ ಹಣಕ್ಕಿಂತ ಒಳ್ಳೆಯ ಗಟ್ಟಿ ಪೆಟ್ಟಿಗೆಯ ಬೆಲೆ ಹೆಚ್ಚು.

“ಒಂದು ಸಲ ಹೋಗೋಕೆ ಅಷ್ಟೊಂದು ದುಡ್ಡು ಯಾಕೋ? ರಟ್ಟಿನ ಡಬ್ಬಿಗೆ ಹಾಕಿ ಕಳ್ಸು” ಅಂದರು ದೊಡ್ಡಪ್ಪ.

“ಒಂದು ಸಲ ನಿಮ್ಮ ಲೆಕ್ಕದಲ್ಲಿ ದೊಡ್ಡಪ್ಪ. ಅವಳು ಟೂರ್ನಮೆಂಟಿಗೆ ಅಂತ ಮುಂದೆ ಓಡಾಡೋದಿಲ್ವಾ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರೇ ಪ್ರಶ್ನೆ ಕೇಳತೊಡಗಿದರು. ಅವಳು ಒಬ್ಬಳೇ ಎತ್ತಬಲ್ಲಳಾ? ಹಾಸ್ಟೆಲ್ ರೂಮಿನಲ್ಲಿ ಎಲ್ಲಿಡುತ್ತಾಳೆ? ಆಟೋದಲ್ಲಿ ಹಿಡಿಸುತ್ತದಾ? ರೈಲಿನಲ್ಲಿ ಸೀಟಿನ ಕೆಳಗೆ? ನೋಡಿ, ಪೆಟ್ಟಿಗೆ ಆರಿಸುವಾಗ ಕೇಳಬೇಕಾದ ಪ್ರಶ್ನೆಗಳೆಲ್ಲ ಅಲ್ಲೇ ಬಂದವು. ಸುಮಾರು ನಾಲ್ಕು ಅಡಿ ಉದ್ದದ ಗಟ್ಟಿ ಪೆಟ್ಟಿಗೆ ಮಡಚುವುದಿಲ್ಲ. ಆಟೋದಲ್ಲಿ ಅರ್ಧ ಹೊರಗೆ ಚಾಚುತ್ತದೆ, ಸಣ್ಣ ಕಾರಿನ ಡಿಕ್ಕಿಗೆ ಹೋಗುವುದೇ ಇಲ್ಲ, ಮನೆಯಲ್ಲಿ ಮಂಚದ ಕೆಳಗೆ ಒಂದು ಶವಪೆಟ್ಟಿಗೆಯಂತೆ ಮಲಗಿರುತ್ತದೆ. ಮೆತ್ತನೆಯದು ಬೀರುವಿನ ಮೇಲೆ ಮಡಚಿ ಕೂರುತ್ತದೆ. ವರ್ಷಕ್ಕೆ ಹತ್ತು ಸಲ ಹಾರುವವರಿಗೆ, ಕಾರು ಕಳಿಸುವ ಕಡೆಗೆ ಹೋಗುವವರಿಗೆ ಗಟ್ಟಿಯದೇ ಸರಿ. ಬಸ್ಸು, ರೈಲು, ಆಟೋ, ಆಗೊಮ್ಮೆ ವಿಮಾನ ಎನ್ನುವವರಿಗೆ ಮೆತ್ತನೆಯದು, ನಡುವೆ ಒಂದು ಕೋಲು.

ಮೆತ್ತನೆಯದನ್ನೇ ಕೊಂಡೆವು. ಕೊಳ್ಳುವಾಗ ನೋಡಿದ್ದು ಇಷ್ಟು: ಗಾಲಿಗಳು ದೊಡ್ಡದಿರಬೇಕು, ತಳ ಗಟ್ಟಿ ಇರಬೇಕು, ಜಿಪ್ ಸುತ್ತಲೂ ಬಿಚ್ಚುವಂತಿರಬೇಕು, ಒಳಗೆ ಬಿಗಿಯಲು ಎರಡು ಪಟ್ಟಿ ಇರಬೇಕು, ಎತ್ತಲು ನಡುವೆ ಮಾತ್ರವಲ್ಲ, ಎರಡು ತುದಿಯಲ್ಲೂ ಹಿಡಿ ಇರಬೇಕು. ತುದಿಯಲ್ಲಿ ಹಿಡಿ ಇಲ್ಲದಿದ್ದರೆ ಎಳೆದು ಎಸೆಯುತ್ತಾರೆ.

ಕಟ್ಟುವ ಕೆಲಸವನ್ನು ದೊಡ್ಡಪ್ಪ ನನಗೆ ಬಿಡಲಿಲ್ಲ. ಪ್ರತಿ ಕೋಲನ್ನೂ ಒರೆಸಿದರು. ಕಬ್ಬಿಣದ ತಲೆಗಳು ಒಂದಕ್ಕೊಂದು ತಾಗದಂತೆ ನಡುವೆ ದೊಡ್ಡಮ್ಮನ ಹಳೆಯ ಸೀರೆಯ ತುಂಡು, ಮೇಲೆ ದಪ್ಪ ಟವೆಲ್, ಸುತ್ತ ಒಂದು ಹಗ್ಗ. ಶೂಗಳು ಕೆಳಗೆ. ಒಳಗೊಂದು, ಹೊರಗೊಂದು ಹೆಸರು ಫೋನ್ ನಂಬರಿನ ಚೀಟಿ. ನಾಲ್ಕು ಕಡೆಯಿಂದ ಫೋಟೊ. ತಕ್ಕಡಿಯಲ್ಲಿ 13.8 ಕಿಲೋ.

ನಿಲ್ದಾಣದಲ್ಲಿ ನೆನಪಿಡಬೇಕಾದ ವಿಷಯ ಹೆಚ್ಚಿಲ್ಲ. ಗಾಲ್ಫ್ ಕೋಲನ್ನು ಕೈಸಾಮಾನಾಗಿ ಒಳಗೆ ಒಯ್ಯುವಂತಿಲ್ಲ, ಕ್ರಿಕೆಟ್ ಬ್ಯಾಟಿನಂತೆ ಅದೂ ನಿಷೇಧದ ಪಟ್ಟಿಯಲ್ಲಿದೆ. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಇದ್ದರೆ ತದ್ವಿರುದ್ಧ, ಅವು ನಿಮ್ಮ ಕೈಚೀಲದಲ್ಲೇ ಇರಬೇಕು. ಉದ್ದದ ಸಾಮಾನಿಗೆ ಬೇರೆ ಶುಲ್ಕ ಉಂಟೇ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ಟಿಕೆಟ್ ಕೊಳ್ಳುವ ಮೊದಲೇ ಕೇಳಿ. ಇಳಿದ ಮೇಲೆ ಬೆಲ್ಟಿನ ಹತ್ತಿರವೇ ಬಿಚ್ಚಿ ನೋಡಿ. ಏನಾದರೂ ಮುರಿದಿದ್ದರೆ ಅಲ್ಲೇ ಬರೆದು ಕೊಟ್ಟು ನಕಲು ತೆಗೆದುಕೊಳ್ಳಿ. ಏಳು ದಿನ ದಾಟಿದರೆ ದೂರಿಗೆ ಬೆಲೆಯಿಲ್ಲ. ಪರಿಹಾರಕ್ಕೂ ಒಂದು ಮಿತಿಯಿದೆ, ಅದು ಕೊಡುವುದು ವಸ್ತುವಿನ ಬೆಲೆ ಮಾತ್ರ.

ದೊಡ್ಡಪ್ಪ ಬಾಗಿಲ ತನಕ ಬಂದು, ಚೀಲದ ಹಿಡಿ ಹಿಡಿದು ಒಮ್ಮೆ ಎತ್ತಿ ನೋಡಿದರು. “ಹಗುರ ಇದೆ. ಅವಳು ಹೊರ್ತಾಳೆ” ಅಂದರು.

ದೇವನಹಳ್ಳಿಯಲ್ಲಿ ಚೀಲ ಬೆಲ್ಟಿನ ಮೇಲೆ ಬರಲಿಲ್ಲ, ದೊಡ್ಡ ಸಾಮಾನುಗಳ ಬಾಗಿಲಿನಿಂದ ತಂದುಕೊಟ್ಟರು. ಪುಟ್ಟಿ ಅಲ್ಲಿಯೇ ನೆಲದ ಮೇಲೆ ಕೂತು ಜಿಪ್ ಎಳೆದು ಒಂದೊಂದನ್ನೇ ಎಣಿಸಿದಳು. ಹದಿನಾಲ್ಕೂ ಇದ್ದವು, ಯಾವುದೂ ಮುರಿದಿರಲಿಲ್ಲ. ಹದಿನೈದನೆಯದನ್ನು ಹೊರಗೆಳೆದು, “ಇದ್ಯಾವ ಕ್ಲಬ್ಬು ಚಿಕ್ಕಪ್ಪ?” ಎಂದು ಕೇಳಿದಳು. ನೆಲ ಒರೆಸುವ ಕೋಲು. ಅದರ ಬಟ್ಟೆ ಸುತ್ತಿದ ಒಂದು ತುದಿ ಚಪ್ಪಟೆಯಾಗಿತ್ತು. ಎಲ್ಲೋ ಬಿದ್ದಿತ್ತು ಚೀಲ, ಪೆಟ್ಟು ಅದು ತಿಂದಿತ್ತು. ಅದನ್ನು ಎಸೆಯಬೇಡ, ಚೀಲದಲ್ಲೇ ಇಟ್ಟುಕೋ ಎಂದೆ.